ಒರೆಸಿ ಬರೆಯುತ್ತಿದ್ದ ಕಡತ



ಕನ್ನಡದಲ್ಲಿ ನಾಲ್ಕು ಸಾಲು ಬರೆಯಿರಿ ಎಂದರೆ ನಿಮ್ಮಲ್ಲಿ ಹಲವರು "ತಪ್ಪಾದರೆ?" ಎಂದು ಪೆನ್ಸಿಲ್ ಕೆಳಗಿಡುತ್ತೀರಿ. ನಮ್ಮ ಹಿರಿಯರು ಹೇಗೆ ಬರೆಯುತ್ತಿದ್ದರು ಗೊತ್ತೇ?

ಹಿಂದೆ ಊರಿನ ಶಾಲೆಗಳಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದರು. ಅಂಗೈಯಿಂದ ಸವರಿದರೆ ಮತ್ತೆ ಹೊಸ ಹಾಳೆ! "ತಿದ್ದು" ಎಂಬ ಪದವನ್ನೇ ನೋಡಿ: ಮತ್ತೆ ಮತ್ತೆ ಬರೆದು ಕಲಿಯುವುದೂ ತಿದ್ದುವುದೇ, ತಪ್ಪನ್ನು ಸರಿಪಡಿಸುವುದೂ ತಿದ್ದುವುದೇ.

ದೊಡ್ಡವರ ಬಳಿ ಕಡತ ಇರುತ್ತಿತ್ತು. ಹತ್ತಿ ಬಟ್ಟೆಗೆ ಇದ್ದಿಲ ಪುಡಿ ಬೆರೆಸಿದ ಅಂಟು ಬಳಿದು, ಒಣಗಿಸಿ, ಪುಸ್ತಕದಂತೆ ಮಡಿಸುತ್ತಿದ್ದರು. ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಬೇಡವಾದದ್ದನ್ನು ಒರೆಸಿ ಮತ್ತೆ ಬರೆಯುತ್ತಿದ್ದರು. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ 1810ರ ತಮ್ಮ ಇತಿಹಾಸ ಗ್ರಂಥದಲ್ಲಿ 12ರಿಂದ 18 ಅಡಿ ಉದ್ದದ ಕಡತಗಳನ್ನು ವರ್ಣಿಸಿದ್ದಾರೆ. ಅಂಗಡಿಯವರು ದಿನದ ಲೆಕ್ಕ ಬರೆಯುತ್ತಿದ್ದದ್ದೂ ಇವುಗಳಲ್ಲೇ. ಹೀಗೆ ಒರೆಸಬಹುದಾದ ಬಟ್ಟೆಯ ಮೇಲೆ ಬರೆದದ್ದೂ ಉಳಿದುಕೊಂಡಿದೆ: ಶೃಂಗೇರಿ ಮಠದ ಕಡತಗಳು ಇಂದು ಇತಿಹಾಸಕಾರರಿಗೆ ಅಮೂಲ್ಯ ದಾಖಲೆಗಳು.

ಹೊರದೇಶದಲ್ಲಿ ಬೆಳೆಯುವ ನಿಮಗೆ ಕನ್ನಡ ಕೇಳಲು ಮನೆಯಿದೆ. ಬರೆಯದೆ ಬಿಟ್ಟರೆ ಮಾತ್ರ ಅಕ್ಷರ ಕೈಬಿಟ್ಟು ಹೋಗುತ್ತದೆ. ಆದ್ದರಿಂದ ಈ ತಿಂಗಳು ದಿನಕ್ಕೆ 10 ನಿಮಿಷ ಬರೆಯಿರಿ. ಕಥೆ, ಕನಸು, ಊಟದ ಡಬ್ಬಿಯ ಸುದ್ದಿ, ಏನಾದರೂ ಸರಿ. ಒತ್ತಕ್ಷರ ತಪ್ಪಿದರೂ ನಿಲ್ಲಿಸಬೇಡಿ. ಪೋಷಕರೇ, ಈ ತಿಂಗಳು ಕೆಂಪು ಪೆನ್ನು ಬೇಡ. ಮಗು ಬರೆದದ್ದನ್ನು ಓದಿಸಿ ಕೇಳಿ, ಸಾಕು.

ಇಂದು ಕಂಪ್ಯೂಟರಿನ ಫೈಲನ್ನೂ ನಾವು ಕಡತ ಎನ್ನುತ್ತೇವೆ. ಇವತ್ತೇ ಒಂದನ್ನು ತೆರೆಯಿರಿ.