ಸುಣ್ಣ ಯಾಕ ಕುದೀತದ?

ಈ ಸಲ ದೀಪಾವಳಿ ಸೂಟಿಗೆ ಮೊಮ್ಮಗಳು ಬಂದಿದ್ದಳು. ಏಳನೇ ಇಯತ್ತೆ. ಬಂದ ದಿನದಿಂದ ಅಡಿಗಿಮನಿ ಬಿಟ್ಟು ಹೊರಗ ಹೋಗಲಿಲ್ಲ. ಕೆಲಸಕ್ಕಲ್ಲ ಮತ್ತ, ಪ್ರಶ್ನೆ ಕೇಳಲಿಕ್ಕೆ. ಹಾಲು ಉಕ್ಕತದ, ನೀರು ಯಾಕ ಉಕ್ಕಂಗಿಲ್ಲ? ಗಡಿಗಿ ನೀರು ಯಾಕ ತಣ್ಣಗಿರ್ತದ? ಫ್ರಿಜ್‌ದಾಗಿಂದ ತಗದ ತಂಬಿಗಿ ಹೊರಗ ಹನಿ ಎಲ್ಲಿಂದ ಬಂತು, ತಂಬಿಗಿ ಸೋರತದೇನಜ್ಜಿ?

ಹಾಲಿಂದಷ್ಟು ನನಗ ಗೊತ್ತಿತ್ತು. ಮ್ಯಾಲ ಕೆನಿ ಕಟ್ಟತದ, ಕೆಳಗಿಂದ ಬಂದ ಉಗಿಗೆ ದಾರಿ ಸಿಗಂಗಿಲ್ಲ, ಕೆನೀನ ಎತ್ತಿಕೊಂಡು ಮ್ಯಾಲ ಬರ್ತದ. ನೀರಿಗೆ ಕೆನಿ ಎಲ್ಲದ? ಉಗಿ ಸೀದಾ ಹಾರಿ ಹೋಗ್ತದ. ಇದನ್ನ ಹೇಳಿದ್ದಕ್ಕ ಖುಷಿಯಾಗಿ, "ಇದನ್ನ ಸಾಲ್ಯಾಗ ಕೇಳಿದ್ರ ಪೋರ್ಷನ್ ಮುಗೀಬೇಕು, ಕೂಡು ಅಂದ್ರು" ಅಂದಳು.

ಆ ಮಾತು ಕೇಳಿ ನನಗ ಐವತ್ತು ವರ್ಷದ ಹಿಂದಿಂದು ನೆನಪಾತು. ಆಗ ದೀಪಾವಳಿ ಮುಂದ ಮನಿಮನಿಗೆ ಸುಣ್ಣ ಹಚ್ಚತಿದ್ದರು. ಹಿತ್ತಲದಾಗ ಬಾನಿಯೊಳಗ ಸುಣ್ಣದ ಹರಳು ಹಾಕಿ ಮ್ಯಾಲ ನೀರು ಸುರದ್ರ ಸಾಕು, ಕೊತಕೊತ ಕುದಿಲಿಕ್ಕೆ ಶುರು ಆಗತಿತ್ತು. ಕೆಳಗ ಒಲಿ ಇಲ್ಲ, ಕೆಂಡ ಇಲ್ಲ. "ಕಣ್ಣಿಗೆ ಸಿಡದೀತು, ದೂರ ಸರಿ" ಅಂತ ಅಜ್ಜಿ ಒದರತಿದ್ದಳು. ಬೆಂಕಿ ಇಲ್ಲದ ಹೆಂಗ ಕುದೀತದ ಅಂತ ಸಾಲ್ಯಾಗ ಎದ್ದು ನಿಂತು ಕೇಳಿದೆ. "ಹುಡುಗ್ಯಾರಿಗೆ ಸುಣ್ಣ ಹಚ್ಚಲಿಕ್ಕೆ ಬಂದ್ರ ಸಾಕು" ಅಂದ್ರು ಮಾಸ್ತರು. ಇಡೀ ವರ್ಗ ನಕ್ಕಿತು. ಆಮ್ಯಾಲ ನಾ ಕೈ ಎತ್ತಲಿಲ್ಲ. ಮುಂದ ಸೈನ್ಸೂ ತಗೊಳ್ಳಲಿಲ್ಲ. ಆ ನಗು ಒಂದೇ ಕಾರಣ ಅಂತ ಹೇಳಂಗಿಲ್ಲ, ಆದ್ರ ಅದರ ಪಾಲು ಸಣ್ಣದಲ್ಲ.

ಅದಕ್ಕ ಇರಬೇಕು, ಫ್ಯಾರಡೇನ ಚರಿತ್ರೆ ಓದೂಮುಂದ ಅದರಾಗ ಬಂದ ಒಬ್ಬ ಹೆಣ್ಣುಮಗಳ ಕಥಿ ನನಗ ಫ್ಯಾರಡೇಗಿಂತ ಹೆಚ್ಚು ಹತ್ತಿತು. ಆಕಿ ಹೆಸರು ಜೇನ್ ಮಾರ್ಸೆಟ್. ನಮ್ಮ ಕಡೆ ಹುಟ್ಟಿದ್ರ ಜೇನಬಾಯಿ ಅಂತಿದ್ವಿ. 1769ರಾಗ ಲಂಡನ್ನಿನೊಳಗ ಹುಟ್ಟಿದಾಕಿ, ಅಪ್ಪ ಸ್ವಿಸ್ ಮೂಲದ ದೊಡ್ಡ ವ್ಯಾಪಾರಸ್ಥ. ಆ ಮನಿಯೊಳಗ ಒಂದು ಚೊಲೊ ರೂಢಿ ಇತ್ತು, ಮನಿಗೆ ಬಂದು ಪಾಠ ಹೇಳೋ ಮಾಸ್ತರು ಗಂಡು ಹೆಣ್ಣು ಅನ್ನದ ಎಲ್ಲಾ ಮಕ್ಕಳಿಗೂ ಹೇಳತಿದ್ದರು. ಹದಿನೈದು ವರ್ಷಕ್ಕ ತಾಯಿ ತೀರಿಕೊಂಡಳು. ಮನಿತುಂಬ ತಮ್ಮಂದಿರು, ತಂಗ್ಯಾರು. ಸಂಸಾರದ ಭಾರ ಎಲ್ಲಾ ಈಕಿ ಮ್ಯಾಲ ಬಿತ್ತು. ಇದನ್ನ ಓದಿದಾಗ ನಮ್ಮ ದೊಡ್ಡ ವೈನಿ ನೆನಪಾದರು.

1799ರಾಗ ಅಲೆಕ್ಸಾಂಡರ್ ಮಾರ್ಸೆಟ್ ಅನ್ನೋ ಡಾಕ್ಟರನ್ನ ಲಗ್ನ ಆದಳು. ಅವಗ ವೈದ್ಯಕಿಗಿಂತ ರಸಾಯನಶಾಸ್ತ್ರದ ಹುಚ್ಚು ಜಾಸ್ತಿ. ಆಗ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನೊಳಗ ಹಂಫ್ರಿ ಡೇವಿ ಉಪನ್ಯಾಸ ಕೊಡತಿದ್ದ. ಹೆಣ್ಣುಮಕ್ಕಳನ್ನ ಯಾವ ವಿಶ್ವವಿದ್ಯಾಲಯನೂ ಒಳಗ ಬಿಡದ ಕಾಲ ಅದು, ಆದ್ರ ಈ ಉಪನ್ಯಾಸಕ್ಕ ಅವರು ಹೋಗಬಹುದಿತ್ತು. ಜೇನನೂ ಹೋದಳು. ಡೇವಿ ಪ್ರಯೋಗ ಚಂದ ಮಾಡಿ ತೋರಸತಿದ್ದ, ಆದ್ರ ಮಾತು ಭಾಳ ಜೋರು. ಈಕಿಗೆ ಪೂರ್ತಿ ತಿಳೀಲಿಲ್ಲ. ಮನಿಗೆ ಬಂದು ತಿಳದವರ ಕೂಡ ಕೂತು, ಇದ್ಯಾಕ, ಅದ್ಯಾಕ ಅಂತ ಕೇಳಿ ಮಾತಾಡಿದ ಮ್ಯಾಲ ಎಲ್ಲಾ ಸ್ವಚ್ಛ ಆತು. ಮುಂದ ಉಪನ್ಯಾಸಕ್ಕ ಹೋದಾಗ ತನಗ ಎಷ್ಟು ತಿಳೀತದ, ಬಾಜೂ ಕೂತವರಿಗೆ ಎಷ್ಟು ತಿಳೀವಲ್ದು ಅನ್ನೋದು ಈಕಿ ಕಣ್ಣಿಗೆ ಬಿತ್ತು. ಹಂಗಾದ್ರ ಆ ಮಾತುಕತೀನ ಬರದಿಟ್ರ ಹೆಂಗ?

1805ರ ಕೊನೀಗೆ ಎರಡು ಸಂಪುಟ ಹೊರಗ ಬಂತು. ಹೆಸರು, ರಸಾಯನಶಾಸ್ತ್ರದ ಸಂಭಾಷಣೆಗಳು. ಮಿಸೆಸ್ ಬಿ ಅಂತ ಒಬ್ಬಾಕಿ ಕಲಸಾಕಿ, ಎಮಿಲಿ ಮತ್ತ ಕ್ಯಾರೊಲಿನ್ ಅಂತ ಇಬ್ಬರು ಹುಡುಗ್ಯಾರು. ಎಮಿಲಿ ಶಾಣ್ಯಾ, ಹೇಳಿದ್ದನ್ನ ಕೇಳಿ ವಿಚಾರ ಮಾಡಾಕಿ. ಕ್ಯಾರೊಲಿನ್‌ಗ ತಾಳ್ಮಿ ಇಲ್ಲ, ನಡುನಡುವ ಬಾಯಿ ಹಾಕ್ತಾಳ, ಬ್ಯಾಸರಾದ್ರ ಬ್ಯಾಸರ ಅಂತಾಳ, ಸ್ಫೋಟ ಆಗೋ ಪ್ರಯೋಗ ಬಂದ್ರ ಕಣ್ಣರಳಸ್ತಾಳ. ನಮ್ಮ ಮೊಮ್ಮಗಳು ಅಕೀನ. ಖರೇ ಹೇಳಬೇಕಂದ್ರ ಪುಸ್ತಕ ನಡಸೂದು ಕ್ಯಾರೊಲಿನ್‌ಳ ಅಡ್ಡ ಪ್ರಶ್ನೆಗಳು. ಆ ಪುಸ್ತಕದಾಗ ಸುಣ್ಣಕ್ಕ ನೀರು ಬಿದ್ದಾಗ ಕಾವು ಯಾಕ ಹುಟ್ಟತದ ಅನ್ನೋ ಮಾತೂ ಬರ್ತದ! ನಾ ಎದ್ದು ನಿಂತು ಕೇಳಿದ್ದಕ್ಕ ನಕ್ಕರಲ್ಲ, ಅದಕ್ಕ ನೂರೆಪ್ಪತ್ತು ವರ್ಷ ಮೊದಲ ಒಬ್ಬ ಹೆಣ್ಣುಮಗಳು ಹುಡುಗ್ಯಾರಿಗಂತ ಅದರ ಉತ್ತರ ಬರದಿಟ್ಟಿದ್ದಳು.

ಆಕಿ ಕೊಟ್ಟ ಉತ್ತರ ಪೂರ್ತಿ ಸರಿ ಇರಲಿಲ್ಲ. ಕಾವು ಅಂದ್ರ ಕ್ಯಾಲೊರಿಕ್ ಅನ್ನೋ ಒಂದು ಕಣ್ಣಿಗೆ ಕಾಣದ ಪದಾರ್ಥ, ವಸ್ತುಗಳೊಳಗ ಅಡಗಿರ್ತದ ಅಂತ ಆಗ ದೊಡ್ಡ ದೊಡ್ಡವರೆಲ್ಲಾ ನಂಬಿದ್ದರು. ಈಗ ತಿಳದದ್ದು ಬ್ಯಾರೆ. ಸುಣ್ಣದ ಕಲ್ಲನ್ನ ಭಟ್ಟಿಯೊಳಗ ಸುಟ್ಟಾಗ ಅದರಾಗಿನ ಕಾರ್ಬನ್ ಡೈಆಕ್ಸೈಡ್ ಹೊರಗ ಹೋಗಿ ಹರಳುಸುಣ್ಣ ಉಳೀತದ. ಅದಕ್ಕ ನೀರು ಹಾಕಿದ್ರ ಎರಡೂ ಕೂಡಿ ಬ್ಯಾರೆ ಪದಾರ್ಥ ಆಗ್ತದ, ಕೂಡೂಮುಂದ ಶಕ್ತಿ ಕಾವಾಗಿ ಹೊರಗ ಬೀಳತದ. ಗ್ವಾಡಿಗೆ ಹಚ್ಚಿದ ಮ್ಯಾಲ ಗಾಳಿಯೊಳಗಿನ ಕಾರ್ಬನ್ ಡೈಆಕ್ಸೈಡ್ ಹೀರಿಕೊಂಡು ಮತ್ತ ಮೊದಲಿನ ಕಲ್ಲಿನ ಗುಣಕ್ಕ ಬರ್ತದ. ಅಂದ್ರ ನಮ್ಮಜ್ಜಿ ಗ್ವಾಡಿಗೆ ಕಲ್ಲನ್ನ ಹಚ್ಚತಿದ್ದಳು ಅನ್ರಿ. ಜೇನ್ ಮಾತ್ರ ಒಮ್ಮೆ ಬರದು ಕೈ ತೊಳಕೊಂಡಾಕಿ ಅಲ್ಲ. ಹೊಸ ಶೋಧ ಆದಂಗ ಆದಂಗ ತಿದ್ದಿ, ಸೇರಿಸಿ, ಇಂಗ್ಲೆಂಡಿನೊಳಗ ಹದಿನಾರು ಆವೃತ್ತಿ ತಂದಳು. ಕೊನೇದು ಬಂದಾಗ ಆಕಿಗೆ ಎಂಬತ್ತು ದಾಟಿತ್ತು.

ಈಗ ಫ್ಯಾರಡೇ. 1791ರಾಗ ಕಮ್ಮಾರನ ಮನಿಯೊಳಗ ಹುಟ್ಟಿದ ಹುಡುಗ, ಸಾಲಿ ಕಲ್ತದ್ದು ಅಷ್ಟಕ್ಕಷ್ಟ. ಪುಸ್ತಕಕ್ಕ ರಟ್ಟು ಕಟ್ಟೋ ಅಂಗಡಿಗೆ ಕೆಲಸ ಕಲೀಲಿಕ್ಕೆ ಸೇರಿದ. ಹಗಲೆಲ್ಲಾ ಕಟ್ಟೂದು, ಕೆಲಸ ಮುಗದ ಮ್ಯಾಲ ಕಟ್ಟಿದ್ದನ್ನ ಓದೂದು. ಹಂಗ ಕೈಗೆ ಸಿಕ್ಕದ್ದು ಜೇನ್‌ಳ ಪುಸ್ತಕ. ಅದರಾಗಿನ ಸಣ್ಣ ಪ್ರಯೋಗಗಳನ್ನ ಕಿಸೆದಾಗಿದ್ದ ಚಿಲ್ಲರ ರೊಕ್ಕದಾಗ ತಾನ ಮಾಡಿ ನೋಡಿದ. ಪುಸ್ತಕ ಹೇಳಿದಂಗ ಆತು. ಓದಿದ್ದೆಲ್ಲಾ ನಂಬೋ ಸ್ವಭಾವದ ತನಗ, ಕೈಯಾರೆ ಮಾಡಿ ನೋಡಿದ್ದು ಖರೇ ಅಂತ ತಿಳದದ್ದು ಅದ ಪುಸ್ತಕದಿಂದ ಅಂತ ಮುಂದ ಮುದುಕ ಆದಾಗ ಬರಕೊಂಡಾನ. 1812ರಾಗ ಡೇವಿಯ ಉಪನ್ಯಾಸ ಕೇಳಿದ, ಟಿಪ್ಪಣಿ ಬರಕೊಂಡು, ಕಲ್ತ ಕಸಬಿನಂಗ ಚಂದ ರಟ್ಟು ಕಟ್ಟಿ ಡೇವಿಗೇ ಕಳಿಸಿದ. ಮರುವರ್ಷ ಅಲ್ಲೇ ಸಹಾಯಕ ಆದ. 1831ರಾಗ ತಂತಿ ಸುರುಳಿಯೊಳಗ ಅಯಸ್ಕಾಂತ ಒಳಗ ಹೊರಗ ಆಡಿಸಿದ್ರ ಕರೆಂಟ್ ಹುಟ್ಟತದ ಅಂತ ತೋರಿಸಿದ. ಆಣೆಕಟ್ಟಿನಿಂದ ನಮ್ಮ ಮಿಕ್ಸರಿಗೆ ಬರೋ ಕರೆಂಟ್ ಹುಟ್ಟೂದು ಅದ ತತ್ತ್ವದ ಮ್ಯಾಲ. ದೊಡ್ಡ ಹೆಸರು ಬಂದ ಮ್ಯಾಲೂ ತನ್ನ ಪ್ರಬಂಧ ಅಚ್ಚಾದಾಗ ಒಂದು ಪ್ರತಿ ಜೇನ್‌ಗ ಕಳಸತಿದ್ದ, ಮೊದಲನೇ ಗುರು ಅಂತ.

ಇಷ್ಟಾದ್ರೂ ಪುಸ್ತಕದ ಮ್ಯಾಲ ಆಕಿ ಹೆಸರಿರಲಿಲ್ಲ. ಹೆಂಗಸು ಇಂಥಾದ್ದು ಬರದದ್ದಕ್ಕ ಮುನ್ನುಡಿಯೊಳಗ ಸಮಜಾಯಿಷಿ ಕೊಟ್ಟು, ಹೆಸರು ಹಾಕದ ಬಿಟ್ಟಳು. ಹೆಸರು ಬಂದದ್ದು 1830ರ ದಶಕದಾಗ. ಅಮೆರಿಕದಾಗ ಹುಡುಗ್ಯಾರ ಸಾಲಿಗೆಲ್ಲಾ ಇದ ಪಠ್ಯ, ಆದ್ರ ಮ್ಯಾಲ ಹೆಸರು ತಿದ್ದಿ ಟಿಪ್ಪಣಿ ಹಾಕಿದ ಗಂಡಸರದು. ಭಾಳ ಮಂದಿ ಅವರ ಬರದಾರ ಅಂತ ತಿಳಕೊಂಡರು. ಇದನ್ನ ಹೇಳಿದಾಗ ಮೊಮ್ಮಗಳಿಗೆ ಸಿಟ್ಟು ಬಂತು. "ಬರದಾಕಿ ಯಾಕ ಸುಮ್ಮಿದ್ದಳು?" ಅಂದಳು. ನೀ ಸಾಲ್ಯಾಗ ಕೂಡು ಅಂದಾಗ ಕೂತಿಲ್ಲೇನು ಅಂದೆ. ಆಮ್ಯಾಲ ಅನಬಾರದಿತ್ತು ಅನಿಸ್ತು. ಸಣ್ಣ ಮಾರಿ ಮಾಡಿದಳು.

ಅಕಿನ್ನ ಸಮಾಧಾನ ಮಾಡ್ಲಿಕ್ಕೆ ಸಂಜೀಕ ಮೇಣಬತ್ತಿ ಹಚ್ಚಿದೆ. ಜೇನ್ ತೀರಿದ್ದು 1858ರಾಗ. ಎರಡು ವರ್ಷದ ಮ್ಯಾಲ ಕ್ರಿಸ್‌ಮಸ್ ಸೂಟಿಯೊಳಗ ಮುದುಕ ಫ್ಯಾರಡೇ ಮಕ್ಕಳನ್ನ ಕೂಡಿಸಿ ಒಂದು ಮೇಣಬತ್ತಿ ಇಟಗೊಂಡು ಆರು ಉಪನ್ಯಾಸ ಕೊಟ್ಟ. ಉರಿ ಬೆಳ್ಳಗ ಹೊಳಿಯೂದು ಯಾಕಂದ್ರ ಅದರಾಗ ಇಂಗಾಲದ ಸಣ್ಣ ಕಣ ಕಾದು ಬೆಳಗತಾವ ಅಂದ. ಹರಳೆಣ್ಣಿ ದೀಪದ ಮ್ಯಾಲ ತಾಟು ಕವಚಿ ನಾವು ಕಾಡಗಿ ಹಿಡೀತಿದ್ದೆವಲ್ಲ, ಅದ ಇಂಗಾಲ. ಉರಿಯೊಳಗಿಂದ ನೀರೂ ಬರ್ತದ ಅಂತ ಅವ ತೋರಿಸಿದ್ದ. ಉರಿಗೆ ಸ್ವಲ್ಪ ಮ್ಯಾಲ ಸ್ಟೀಲ್ ವಾಟಿ ಹಿಡದೆ, ಒಂದು ಕ್ಷಣ ಮಂಜು ಹಿಡೀತು. ಮೊಮ್ಮಗಳು ಬಿಡ್ತಾಳೇನು? "ಅದು ಫ್ರಿಜ್ ತಂಬಿಗಿ ಹೊರಗಿನ ಹನಿಯಂಗ ಗಾಳಿದಾಗಿಂದ ಬಂದಿದ್ರ?" ಅಂದಳು. ಹೌದಲ್ಲ! ವಾಟಿ ಒರಸಿ ಮೇಣಬತ್ತಿಯಿಂದ ದೂರ ಹಿಡದ್ವಿ. ಏನೂ ಬರಲಿಲ್ಲ. ಮತ್ತ ಉರಿ ಮ್ಯಾಲ ಹಿಡದ್ವಿ, ಮಂಜು ಬಂತು. ಮೂರು ಸಲ ಮಾಡಿಸಿದಳು. ನಡುವ ಪಲ್ಯ ಹತ್ತಿತು.

ಊರಿಗೆ ಹೋಗೂಮುಂದ ಹಾಲಿನ ಲೆಕ್ಕದ ವಹಿ ಹಿಂದಿನ ಹಾಳಿಯೊಳಗ ಹನ್ನೊಂದು ಪ್ರಶ್ನೆ ಬರದಿಟ್ಟು, ಕೆಳಗ ತನ್ನ ಹೆಸರು ದೊಡ್ಡದಾಗಿ ಹಾಕಿ ಹೋಗ್ಯಾಳ. ನಾಲ್ಕಕ್ಕ ಉತ್ತರ ಸಿಕ್ಕದ. ಐದನೇದು, ಹಪ್ಪಳ ಎಣ್ಣಿಗೆ ಬಿದ್ದ ಕೂಡ್ಲೆ ಯಾಕ ಉಬ್ಬತದ. ನಿಮ್ಮೊಳಗ ಯಾರಿಗರೆ ಗೊತ್ತಿದ್ರ ಬರೀರಿ, ಕೆಳಗ ಹೆಸರು ಹಾಕಿ.