ಮುಂದಿನ ತಲೆಮಾರಿನ ಟಿವಿ: ತರಂಗ ಎಲ್ಲರದ್ದು, ಬೀಗದ ಕೈ ಯಾರದ್ದು?

ಆಂಟೆನಾ ಇದ್ದರೆ ಸಾಕು, ತಿಂಗಳ ಬಿಲ್ ಇಲ್ಲದೆ ಟಿವಿ ನೋಡಬಹುದು. ಅಮೆರಿಕದಲ್ಲಿ ಇಂದಿಗೂ ಲಕ್ಷಾಂತರ ಮನೆಗಳು ಟಿವಿ ನೋಡುವುದು ಹೀಗೆಯೇ. ಕೇಬಲ್, ಡಿಟಿಎಚ್ ಬಂದ ಮೇಲೆ ನಾವು ತಾರಸಿಯ ಆಂಟೆನಾವನ್ನು ಮರೆತೇಬಿಟ್ಟಿದ್ದೇವೆ. ಆದರೆ ಗಾಳಿಯಲ್ಲಿ ಬರುವ ಆ ಟಿವಿಯ ನಿಯಮಗಳು ಈಗ ಹೊಸದಾಗಿ ಬರೆಯಲ್ಪಡುತ್ತಿವೆ. ಹೊಸ ಮಾನದಂಡದ ಹೆಸರು ಎಟಿಎಸ್‌ಸಿ 3.0. ಎಂಜಿನಿಯರುಗಳು ನೋಡ್ಕೊಳ್ತಾರೆ ಬಿಡಿ ಅನ್ನುವ ಹಾಗಿಲ್ಲ. ಯಾಕಂದ್ರೆ ಉಚಿತ ಟಿವಿ ಯಾರಿಗೆ, ಯಾವ ಷರತ್ತಿನ ಮೇಲೆ ಸಿಗುತ್ತೆ ಅನ್ನೋದು ತೀರ್ಮಾನವಾಗುವುದು ಇಲ್ಲೇ. ಇದೇ ತಂತ್ರಜ್ಞಾನ ನಮ್ಮ ಮೊಬೈಲ್‌ಗೂ ಬರುವ ತಯಾರಿ ನಡೆದಿದೆ.

ಏನಿದು ಮಾನದಂಡ?

ಟವರ್ ಕಳಿಸಿದ ಸಿಗ್ನಲ್ಲನ್ನು ಟಿವಿ ಅರ್ಥ ಮಾಡಿಕೊಳ್ಳಬೇಕಾದರೆ ಎರಡಕ್ಕೂ ಒಂದೇ ಭಾಷೆ ಬೇಕು. ಆ ಭಾಷೆಯ ವ್ಯಾಕರಣವೇ ಪ್ರಸಾರ ಮಾನದಂಡ. ಅಮೆರಿಕದಲ್ಲಿ ಸದ್ಯ ಇರುವುದು 1990ರ ದಶಕದ ಎಟಿಎಸ್‌ಸಿ 1.0. ಇದು 6 ಮೆಗಾಹರ್ಟ್ಸ್ ಅಗಲದ ಚಾನೆಲ್‌ನಲ್ಲಿ ಸೆಕೆಂಡಿಗೆ ಸುಮಾರು 19 ಮೆಗಾಬಿಟ್ ಸಾಗಿಸುತ್ತದೆ. ವಿಡಿಯೋ ಕುಗ್ಗಿಸುವ ವಿಧಾನವೂ ಹಳೆಯದು.

3.0ನಲ್ಲಿ ಮುಖ್ಯವಾಗಿ ಮೂರು ಬದಲಾವಣೆಗಳಿವೆ. ಒಂದು, ಹೊಸ ವಿಧಾನದಲ್ಲಿ ವಿಡಿಯೋ ತುಂಬಾ ಕಡಿಮೆ ಜಾಗದಲ್ಲಿ ಹಿಡಿಸುತ್ತದೆ, ಹಾಗಾಗಿ 4ಕೆ ಚಿತ್ರವನ್ನೂ ಕಳಿಸಬಹುದು. ಎರಡು, 4ಜಿ-5ಜಿಯಂತೆ ಮಾಹಿತಿಯನ್ನು ಸಾವಿರಾರು ಸಣ್ಣ ತರಂಗಗಳಿಗೆ ಹಂಚಿ ಕಳಿಸುವುದರಿಂದ ಓಡುವ ಬಸ್ಸಿನಲ್ಲೂ ಸಿಗ್ನಲ್ ಹಿಡಿಯಬಹುದು. ಮೂರು, ಎಲ್ಲವೂ ಇಂಟರ್ನೆಟ್ಟಿನ ಪ್ಯಾಕೆಟ್ ರೂಪದಲ್ಲಿ ಬರುತ್ತದೆ. ಟಿವಿಗೆ ನೆಟ್ ಸಂಪರ್ಕವೂ ಇದ್ದರೆ ಮನೆಮನೆಗೆ ಬೇರೆಬೇರೆ ಜಾಹೀರಾತು ತೋರಿಸಬಹುದು, ಯಾರು ಏನು ನೋಡಿದರು ಅಂತ ಲೆಕ್ಕ ಇಡಬಹುದು.

ಹಳೆ ಟಿವಿ ಗತಿ ಏನು?

1.0 ಟಿವಿಗೆ 3.0 ಸಿಗ್ನಲ್ ಅರ್ಥವಾಗಲ್ಲ. ಹೊಸ ಟಿವಿಯನ್ನೋ ಪರಿವರ್ತಕ ಪೆಟ್ಟಿಗೆಯನ್ನೋ ಕೊಳ್ಳಲೇಬೇಕು. ರಾಜಕೀಯ ಶುರುವಾಗೋದೇ ಇಲ್ಲಿ.

2009ರ ಜೂನ್ 12ರಂದು ಅಮೆರಿಕದ ದೊಡ್ಡ ಟಿವಿ ಕೇಂದ್ರಗಳೆಲ್ಲ ಅನಲಾಗ್ ಪ್ರಸಾರ ನಿಲ್ಲಿಸಿದಾಗ, ಸರ್ಕಾರವೇ ಪರಿವರ್ತಕ ಪೆಟ್ಟಿಗೆಗೆ ತಲಾ 40 ಡಾಲರಿನ ಕೂಪನ್ ಕೊಟ್ಟಿತ್ತು, ಮನೆಗೆ ಎರಡರಂತೆ. ಹೊಸ ಟಿವಿಗಳಲ್ಲಿ ಡಿಜಿಟಲ್ ಟ್ಯೂನರ್ ಕಡ್ಡಾಯವಾಗಿತ್ತು. ಈ ಸಲ ಅದ್ಯಾವುದೂ ಇಲ್ಲ. ಸಂವಹನ ಆಯೋಗ ಎಫ್‌ಸಿಸಿ 2017ರ ನವೆಂಬರ್‌ನಲ್ಲಿ 3-2 ಮತಗಳಿಂದ ಇದಕ್ಕೆ ಅನುಮತಿ ಕೊಟ್ಟಿತು, 'ಇಷ್ಟವಿದ್ದವರು ಬದಲಾಗಲಿ' ಅನ್ನುವ ನಿಲುವಿನಲ್ಲಿ. ವೀಕ್ಷಕರ ರಕ್ಷಣೆಗೆ ಹಾಕಿದ ಮುಖ್ಯ ಷರತ್ತು, ಹಳೆ ಸಿಗ್ನಲ್ಲನ್ನೂ ಜೊತೆಗೇ ಪ್ರಸಾರ ಮಾಡಬೇಕು ಅನ್ನೋದು. 2025ರಲ್ಲಿ ಪ್ರಸಾರಕರ ಸಂಘ, ದೊಡ್ಡ ಮಾರುಕಟ್ಟೆಗಳಲ್ಲಿ 2028ಕ್ಕೆ, ಉಳಿದೆಡೆ 2030ಕ್ಕೆ 1.0 ಮುಗಿಸಿಬಿಡಿ ಎಂದು ಕೇಳಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಎಫ್‌ಸಿಸಿ ಆ ಜೋಡಿ ಪ್ರಸಾರದ ಷರತ್ತನ್ನೇ ತೆಗೆಯುವ ಪ್ರಸ್ತಾವ ಮುಂದಿಟ್ಟಿತು. ಪೆಟ್ಟಿಗೆಯ ಖರ್ಚು ಬೀಳುವುದು ಆಂಟೆನಾ ನಂಬಿಕೊಂಡವರ ಮೇಲೆ. ಅವರಲ್ಲಿ ಕೇಬಲ್ ಬಿಲ್ ಕಟ್ಟಲಾಗದವರೂ ಇದ್ದಾರೆ.

ಉಚಿತ ಸಿಗ್ನಲ್‌ಗೆ ಬೀಗ

3.0 ಮಾನದಂಡ ಸಿಗ್ನಲ್ಲಿಗೆ ಗೂಢಲಿಪಿಯ ಬೀಗ ಹಾಕಲು ಅವಕಾಶ ಕೊಡುತ್ತದೆ. ಹಲವು ಕೇಂದ್ರಗಳು ಉಚಿತ ಚಾನೆಲ್‌ಗಳಿಗೂ ಬೀಗ ಹಾಕಿವೆ. ಕಾರ್ಯಕ್ರಮ ಕದಿಯುವುದನ್ನು ತಡೆಯಲು ಅನ್ನೋದು ಅವರ ವಾದ. ಪರಿಣಾಮ ಮಾತ್ರ ಬೇರೆ: ದುಡ್ಡು ಕೊಟ್ಟು ತಂದ ಕೆಲವು ಪೆಟ್ಟಿಗೆಗಳಲ್ಲಿ ಈ ಚಾನೆಲ್‌ಗಳು ಬರಲೇ ಇಲ್ಲ. ಪ್ರಮಾಣಪತ್ರ ಪಡೆದ ಸಾಧನವೇ ಬೇಕಾಯಿತು. ಇದರ ಮೇಲೆ ಪೇಟೆಂಟ್ ಜಗಳ ಬೇರೆ. ನ್ಯಾಯಾಲಯದಲ್ಲಿ ಪೇಟೆಂಟ್ ಮೊಕದ್ದಮೆ ಸೋತ ಎಲ್‌ಜಿ, 2024ರ ಅಮೆರಿಕದ ಮಾದರಿಗಳಿಂದ 3.0 ಟ್ಯೂನರ್ ಕೈಬಿಡುವುದಾಗಿ 2023ರಲ್ಲಿ ಹೇಳಿತು.

ಹಾಗಂತ ಎಲ್ಲ ದೇಶಗಳದ್ದೂ ಒಂದೇ ದಾರಿಯಲ್ಲ. ದಕ್ಷಿಣ ಕೊರಿಯಾ 2018ರ ಚಳಿಗಾಲದ ಒಲಿಂಪಿಕ್ಸ್‌ಗೆ ಮೊದಲೇ, 2017ರ ಮೇ ತಿಂಗಳಲ್ಲಿ 3.0 ಪ್ರಸಾರ ಆರಂಭಿಸಿತು. ಬ್ರೆಜಿಲ್ 3.0ನ ಪ್ರಸಾರ ಭಾಗವನ್ನಷ್ಟೇ ತೆಗೆದುಕೊಂಡು, ವಿಡಿಯೋ ಮತ್ತು ಧ್ವನಿಗೆ ಬೇರೆ ತಂತ್ರಜ್ಞಾನ ಆರಿಸಿ ತನ್ನದೇ ವ್ಯವಸ್ಥೆ ಕಟ್ಟಿತು. 2025ರ ಆಗಸ್ಟ್‌ನಲ್ಲಿ ಅಧ್ಯಕ್ಷ ಲೂಲಾ ಅದರ ಆದೇಶಕ್ಕೆ ಸಹಿ ಹಾಕಿದರು. ಅಂದರೆ ಮಾನದಂಡವನ್ನು ಇಡಿಯಾಗಿ ಒಪ್ಪಿಕೊಳ್ಳಬೇಕಿಲ್ಲ, ಬೇಕಾದ್ದನ್ನು ಆರಿಸಿಕೊಳ್ಳಬಹುದು.

ಬೆಂಗಳೂರಿಗೂ ಇದಕ್ಕೂ ಏನು ಸಂಬಂಧ?

3.0 ಸಿಗ್ನಲ್ ಹಿಡಿಯುವ ಚಿಪ್ ತಯಾರಿಸಿದವರಲ್ಲಿ ಬೆಂಗಳೂರಿನ ಸಾಂಖ್ಯ ಲ್ಯಾಬ್ಸ್ ಕೂಡ ಒಂದು. ಇದೇ ಕಂಪನಿ, ಐಐಟಿ ಕಾನ್ಪುರ ಮತ್ತು ಪ್ರಸಾರ ಭಾರತಿ ಸೇರಿ ಇಂಟರ್ನೆಟ್ ಇಲ್ಲದೆ ನೇರ ಮೊಬೈಲ್‌ಗೆ ಟಿವಿ ಕಳಿಸುವ 'ಡಿ2ಎಂ' ಪ್ರಯೋಗ ನಡೆಸಿವೆ. ಬೆಂಗಳೂರಿನಲ್ಲೂ ಪರೀಕ್ಷೆ ಆಗಿದೆ. 19 ನಗರಗಳಲ್ಲಿ ಪ್ರಯೋಗ ಮಾಡುತ್ತೇವೆ, ಇದಕ್ಕೆ 470ರಿಂದ 582 ಮೆಗಾಹರ್ಟ್ಸ್ ತರಂಗಗಳನ್ನು ಮೀಸಲಿಡಿಸಲು ಯತ್ನಿಸುತ್ತೇವೆ ಎಂದು ಅಂದಿನ ವಾರ್ತಾ ಮತ್ತು ಪ್ರಸಾರ ಕಾರ್ಯದರ್ಶಿ ಅಪೂರ್ವ ಚಂದ್ರ 2024ರ ಜನವರಿಯಲ್ಲಿ ಹೇಳಿದ್ದರು. ಟಿವಿಯಿಲ್ಲದ 8-9 ಕೋಟಿ ಮನೆಗಳನ್ನು ಇದರಿಂದ ತಲುಪಬಹುದು ಅನ್ನೋದು ಅವರ ಲೆಕ್ಕ. ಫೋನ್ ಬೆಲೆ ಏರುತ್ತದೆ ಎಂದು ಸ್ಯಾಮ್‌ಸಂಗ್, ಕ್ವಾಲ್‌ಕಾಮ್‌ನಂಥ ಕಂಪನಿಗಳು 2023ರಲ್ಲೇ ತಕರಾರು ತೆಗೆದಿದ್ದವು.

ಡಿ2ಎಂನಿಂದ ಲಾಭ ಇಲ್ಲದೇ ಇಲ್ಲ. ನೆರೆ ಬಂದು ಮೊಬೈಲ್ ಜಾಲ ಕೈಕೊಟ್ಟಾಗ ದೂರದ ಒಂದೇ ಟವರ್‌ನಿಂದ ಲಕ್ಷಾಂತರ ಫೋನ್‌ಗಳಿಗೆ ಎಚ್ಚರಿಕೆ ಮುಟ್ಟಿಸಬಹುದು, ಡೇಟಾ ಖರ್ಚಿಲ್ಲದೆ ಪಾಠ ಕಳಿಸಬಹುದು. ಆದರೆ ಅದೇ ಒಂದೇ ಟವರ್‌ನಿಂದ ಯಾರ ಸುದ್ದಿ, ಯಾರ ಪ್ರಚಾರ ಬರುತ್ತೆ ಅನ್ನೋದೂ ಅಷ್ಟೇ ಮುಖ್ಯ.

ಕೇಳಲೇಬೇಕಾದ ಪ್ರಶ್ನೆಗಳು

ಉಚಿತ ಚಾನೆಲ್‌ಗೆ ಬೀಗ ಹಾಕುವುದನ್ನು ಕಾನೂನು ತಡೆಯುತ್ತದೆಯೇ? ನಾವು ನೋಡಿದ್ದರ ಲೆಕ್ಕ ಯಾರ ಕೈಗೆ ಹೋಗುತ್ತದೆ? ಫೋನ್ ದುಬಾರಿಯಾದರೆ ಆ ವ್ಯತ್ಯಾಸ ತುಂಬುವವರು ಯಾರು? ಕನ್ನಡ, ತುಳು, ಕೊಡವ ಕಾರ್ಯಕ್ರಮಗಳಿಗೆ ಎಷ್ಟು ಜಾಗ? ಯಾವ ಚಾನೆಲ್ ಇರಬೇಕು ಅಂತ ಆರಿಸುವುದು ಸರ್ಕಾರವೋ, ಸ್ವತಂತ್ರ ಸಂಸ್ಥೆಯೋ?

ತರಂಗಗಳು ಸಾರ್ವಜನಿಕ ಆಸ್ತಿ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ, ಬಂಗಾಳ ಕ್ರಿಕೆಟ್ ಸಂಸ್ಥೆಯ ಪ್ರಕರಣದಲ್ಲಿ ಹೇಳಿದೆ. ಆಸ್ತಿ ನಮ್ಮದಾದ ಮೇಲೆ ಷರತ್ತು ಹಾಕುವ ಹಕ್ಕೂ ನಮ್ಮದೇ. ಚಿಪ್ ಕೋಟ್ಯಂತರ ಫೋನ್‌ಗಳೊಳಗೆ ಕೂತ ಮೇಲೆ ನಿಯಮ ಬದಲಿಸೋದು ಕಷ್ಟ. ಅಮೆರಿಕದ ಆಂಟೆನಾ ಮನೆಗಳು ಈಗ ಅದನ್ನೇ ಅನುಭವಿಸುತ್ತಿವೆ. ನಮಗೆ ಇನ್ನೂ ಸಮಯ ಇರುವಾಗಲೇ ಕೇಳೋಣ.