ಹಗ್ಗದ ಒಳಗಿನ ಎಣ್ಣೆ

ಮೊನ್ನೆ ಉಪ್ಪಾರಪೇಟೆಯ ಹಳೇ ಲಾಡ್ಜೊಂದರ ಲಿಫ್ಟಲ್ಲಿ ಮೇಲೆ ಹೋಗ್ತಾ ಯೋಚಿಸಿದೆ: ನಮ್ಮನ್ನು ಎತ್ತೋದು ಈ ಉಕ್ಕಿನ ಹಗ್ಗ, ಸರಿ. ಹಗ್ಗವನ್ನು ಕಾಯೋದು ಯಾವುದು?

1834ರಲ್ಲಿ ಜರ್ಮನಿಯ ಗಣಿ ಅಧಿಕಾರಿ ವಿಲ್ಹೆಲ್ಮ್ ಆಲ್ಬರ್ಟ್ ಕಬ್ಬಿಣದ ತಂತಿ ಹೊಸೆದು ಗಣಿಗೆ ಹಗ್ಗ ಮಾಡಿದರು. ಮುಂದೆ ಹಗ್ಗದ ನಡುವೆ ಎಣ್ಣೆ ಕುಡಿಸಿದ ನಾರು ಬಂತು. ಭಾರ ಬಿದ್ದಾಗ ನಾರು ಎಣ್ಣೆ ಬಿಡುತ್ತೆ, ತಂತಿಗಳು ಒಂದಕ್ಕೊಂದು ಉಜ್ಜಿ ಸವೆಯೋದು ಕಡಿಮೆಯಾಗುತ್ತೆ.

ಇದರ ಬೆಲೆ ಗೊತ್ತಾಗೋದು ನಮ್ಮ ಕೆಜಿಎಫ್ ನೆನೆದರೆ. ಅಲ್ಲಿನ ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗಿಂತ ಆಳ. ಕಾರ್ಮಿಕರು ಹಂತಹಂತವಾಗಿ ಕೇಜ್‌ನಲ್ಲಿ ಇಳಿಯಬೇಕಿತ್ತು. ಗಣಿಯಲ್ಲಿ ತೆಳು ಎಣ್ಣೆ ಹಾಕಿದರೆ ನೀರಿಗೆ ತೊಳೆದುಹೋಗುತ್ತೆ. ಡಾಂಬರಿನಂಥ ದಪ್ಪ ಗ್ರೀಸ್ ಬಳಿದರೆ ಒಳಗಿಳಿಯೋದಿಲ್ಲ. ಒಳಗೆ ತುಕ್ಕು ಹಿಡಿದರೂ, ತಂತಿ ಮುರಿದರೂ ಹೊರಗೆ ಕಾಣಲ್ಲ. ಅದಕ್ಕೇ ಒಳಗಿಳಿಯುವ, ನೀರಿಗೆ ಬಿಡದ ಗ್ರೀಸ್‌ಗೆ ಹುಡುಕಾಟ ನಡೀತು. ಈಗ ಒತ್ತಡ ಕೊಟ್ಟು ಹಗ್ಗದೊಳಗೆ ಗ್ರೀಸ್ ತುಂಬುವ ಸಾಧನಗಳೂ ಇವೆ.

ಲಿಫ್ಟ್ ಹಗ್ಗದ್ದು ಬೇರೆ ಲೆಕ್ಕ. ಅದು ಚಕ್ರದ ಹಿಡಿತದಲ್ಲಿ ಓಡೋದು, ಎಣ್ಣೆ ಹೆಚ್ಚಾದರೆ ಜಾರುತ್ತೆ.

ಕೆಜಿಎಫ್‌ನ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಚಿನ್ನದ ಕಥೆ ಎಲ್ಲರೂ ಹೇಳ್ತಾರೆ. ಪ್ರತಿ ಪಾಳಿಯಲ್ಲೂ ಅಷ್ಟು ಜನರ ಜೀವ ಹಿಡಿದಿದ್ದ ಹಗ್ಗಕ್ಕೆ ಗ್ರೀಸ್ ಹಾಕಿದ ಕೈಗಳನ್ನೂ ನೆನೆಯೋಣ.